ಪ್ರಯಾಣ ಪ್ರಶ್ನೋತ್ತರ: ಊರಿನ ದಾರಿಯಲ್ಲಿ ಎಲ್ಲಿ ಇಳಿಯೋಣ?

ಕುಟುಂಬ ಸಮೇತ ಕಾರಿನಲ್ಲಿ ದೂರದ ಊರುಗಳಿಗೆ ಹೋಗುವ ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವರು ತಲುಪಬೇಕಾದ ಊರಿನ ಬಗ್ಗೆ ಕೇಳಿಲ್ಲ. ನಡುವೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದೇ ಕೇಳಿದ್ದಾರೆ. ಆಯ್ದ ಕೆಲವು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ನಮ್ಮ ಯಜಮಾನರ ಊರು ಧಾರವಾಡ. ಪ್ರತಿ ವರ್ಷ ದೀಪಾವಳಿಗೆ ಕಾರಿನಲ್ಲಿ ಹೋಗುತ್ತೇವೆ. ಜೊತೆಯಲ್ಲಿ ಮೊಣಕಾಲು ನೋವಿರುವ 74 ವರ್ಷದ ಅತ್ತೆಯವರು, 11 ಮತ್ತು 6 ವರ್ಷದ ಮಕ್ಕಳು ಇರುತ್ತಾರೆ. ಯಜಮಾನರು ಒಂದು ಕಡೆ ಚಹಾಕ್ಕೆ ನಿಲ್ಲಿಸಿದರೆ ಅದೇ ಹೆಚ್ಚು. ‘ಬೇಗ ಮನೆ ಮುಟ್ಟಿದರೆ ಸಾಕು’ ಎನ್ನುತ್ತಾರೆ. ಮಕ್ಕಳಿಗೆ ನೆನಪಿನಲ್ಲಿ ಉಳಿಯುವಂಥ ಸ್ಥಳಗಳು ಆ ದಾರಿಯಲ್ಲಿ ಇವೆಯೇ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಇವೆ, ಬೇಕಾದಷ್ಟು ಇವೆ. ಇಷ್ಟೊಂದು ಇರುವುದೇ ತೊಂದರೆ. ಎಲ್ಲವನ್ನೂ ಒಂದೇ ದಿನ ನೋಡಲು ಹೊರಟವರು ರಾತ್ರಿ ಹತ್ತಕ್ಕೆ ಸುಸ್ತಾಗಿ ಮನೆ ಸೇರಿ, ಮುಂದಿನ ವರ್ಷದಿಂದ ಎಲ್ಲಿಯೂ ನಿಲ್ಲುವುದಿಲ್ಲ ಎಂದು ತೀರ್ಮಾನಿಸುತ್ತಾರೆ. ನೀವು ಪ್ರತಿ ವರ್ಷವೂ ಇದೇ ದಾರಿಯಲ್ಲಿ ಹೋಗುವವರು. ಆದ್ದರಿಂದ ವರ್ಷಕ್ಕೆ ಒಂದೇ ದೊಡ್ಡ ನಿಲುಗಡೆಯನ್ನು ಆರಿಸಿಕೊಳ್ಳಿ, ಉಳಿದವನ್ನು ಮುಂದಿನ ವರ್ಷಗಳಿಗೆ ಬಿಡಿ. ಈ ಸಲ ಎಲ್ಲಿ ಇಳಿಯಬೇಕೆಂಬುದನ್ನು ಹೊರಡುವ ಒಂದು ವಾರ ಮೊದಲೇ ಮಕ್ಕಳ ಮುಂದೆ ನಿರ್ಧರಿಸಿದರೆ ‘ಇನ್ನೂ ಎಷ್ಟು ದೂರ’ ಎಂಬ ಪ್ರಶ್ನೆಗೆ ನಡುದಾರಿಯಲ್ಲೇ ಒಂದು ಉತ್ತರ ಸಿಗುತ್ತದೆ.

ಯಜಮಾನರಿಗೆ ಲೆಕ್ಕವನ್ನೇ ತೋರಿಸಿ. ಬೆಂಗಳೂರಿನಿಂದ ಧಾರವಾಡಕ್ಕೆ ಸುಮಾರು 430 ಕಿಲೋಮೀಟರ್. ಎಲ್ಲಿಯೂ ನಿಲ್ಲದಿದ್ದರೂ ಏಳು ಗಂಟೆ ಬೇಕು. ಬೆಳಿಗ್ಗೆ ಐದೂವರೆಗೆ ಹೊರಟು ನೆಲಮಂಗಲದ ದಟ್ಟಣೆಯನ್ನು ದಾಟಿದರೆ ಏಳರ ಹೊತ್ತಿಗೆ ತುಮಕೂರಿಗೆ ಮೊದಲೇ ಸಿಗುವ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಬಹುದು. ಒಂಬತ್ತೂವರೆಯ ಸುಮಾರಿಗೆ, ಬಿಸಿಲು ಇನ್ನೂ ಚುರುಕಾಗುವ ಮುನ್ನ, ಚಿತ್ರದುರ್ಗದಲ್ಲಿರಬಹುದು. ಅಲ್ಲಿ ಎರಡು ಗಂಟೆ ಕಳೆದು, ದಾವಣಗೆರೆಯಲ್ಲಿ ಊಟ ಮುಗಿಸಿಕೊಂಡರೂ ಸಂಜೆ ಐದರೊಳಗೆ, ದೀಪ ಹಚ್ಚುವ ವೇಳೆಗೆ ಮೊದಲೇ, ಮನೆಯಲ್ಲಿರುತ್ತೀರಿ. ನಿಲ್ಲದೆ ಹೋಗಿ ನೀವು ಉಳಿಸುವ ಹೊತ್ತು ಊರಿನಲ್ಲಿ ಮಧ್ಯಾಹ್ನದ ನಿದ್ದೆಗೆ ಹೋಗುತ್ತದೆ, ಅಷ್ಟೆ.

ಮೊದಲ ವರ್ಷಕ್ಕೆ ನನ್ನ ಆಯ್ಕೆ ಚಿತ್ರದುರ್ಗದ ಕೋಟೆ. ಏಳು ಸುತ್ತಿನ ಈ ಕೋಟೆಯನ್ನು ಮಕ್ಕಳಿಗೆ ತೋರಿಸುವಾಗ ಪಾಳೆಯಗಾರರ ವಂಶಾವಳಿಯಿಂದ ಆರಂಭಿಸಬೇಡಿ. ಒನಕೆ ಓಬವ್ವನ ಕಿಂಡಿಯ ಮುಂದೆ ನಿಲ್ಲಿಸಿ, ಒಬ್ಬೊಬ್ಬರಾಗಿ ಮಾತ್ರ ನುಸುಳಬಹುದಾದ ಆ ಸಂದಿಯಲ್ಲಿ ಹನ್ನೊಂದರ ಮಗು ಒಮ್ಮೆ ತೂರಿ ಬರಲಿ. ಹೈದರಾಲಿಯ ಸೈನಿಕರ ಪಾಡೇನಾಗಿತ್ತೆಂಬುದು ತಾನಾಗಿಯೇ ತಿಳಿಯುತ್ತದೆ. ಕೋಟೆ ಕೊನೆಗೆ ಹೈದರನ ವಶವಾದದ್ದು 1779ರಲ್ಲಿ ಎಂಬುದನ್ನು ಆಮೇಲೆ ಹೇಳಿದರಾಯಿತು. ಬಂಡೆಗಳ ನಡುವಿನ ಅಕ್ಕ ತಂಗಿಯರ ಹೊಂಡ, ಎಣ್ಣೆ ತುಂಬಿಡುತ್ತಿದ್ದ ಕಲ್ಲಿನ ಕೊಳಗಳು, ಹಿಡಿಂಬೇಶ್ವರ ದೇವಾಲಯ, ಇಷ್ಟನ್ನು ನೋಡಿ ಹಿಂದಿರುಗಿದರೆ ಸಾಕು. ತುದಿಯವರೆಗೆ ಹತ್ತಿಯೇ ತೀರಬೇಕೆಂಬ ಹಟ ಬೇಡ. ಆರು ವರ್ಷದ ಮಗುವನ್ನು ಇಳಿಯುವಾಗ ಯಾರು ಎತ್ತಿಕೊಳ್ಳುತ್ತಾರೆ ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಅತ್ತೆಯವರಿಗೆ ಈ ಕೋಟೆ ತಕ್ಕುದಲ್ಲ. ಮೊದಲ ಬಾಗಿಲುಗಳವರೆಗೆ ನಿಧಾನವಾಗಿ ನಡೆದು, ಸರ್ಪದಂತೆ ತಿರುಗುವ ಆ ದಾರಿಯನ್ನೂ ಗಾರೆಯಿಲ್ಲದೆ ಜೋಡಿಸಿದ ದೈತ್ಯ ಕಲ್ಲುಗಳನ್ನೂ ನೋಡಿ ಅವರು ನೆರಳಿನಲ್ಲಿ ಕುಳಿತಿರಬಹುದು. ಆದರೆ ಒಬ್ಬರನ್ನೇ ಕಾರಿನಲ್ಲಿ ಬಿಟ್ಟು ಎಲ್ಲರೂ ಮೇಲೆ ಹೋಗುವುದು ಸಲ್ಲದು. ಗಂಡ ಹೆಂಡತಿಯರಲ್ಲಿ ಒಬ್ಬರು ಅವರೊಂದಿಗೆ ಉಳಿಯಿರಿ. ಈ ಕಾರಣಕ್ಕಾಗಿಯೇ ಎರಡನೆಯ ವರ್ಷದ ನಿಲುಗಡೆಯನ್ನು ಅವರಿಗಾಗಿ ಇಟ್ಟುಕೊಳ್ಳುವುದು ನ್ಯಾಯ: ಅದು ಹರಿಹರ. ಹೆದ್ದಾರಿಯಿಂದ ಊರೊಳಗೆ ತಿರುಗಿದರೆ ತುಂಗಭದ್ರೆಯ ದಡದಲ್ಲಿ ಹರಿಹರೇಶ್ವರ ದೇವಾಲಯವಿದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ್ದು. ಬೆಟ್ಟ ಹತ್ತುವುದಿಲ್ಲ, ಕಂಬಗಳ ನಡುವೆ ತಂಪಾಗಿ ಕುಳಿತುಕೊಳ್ಳಲು ಜಗಲಿಗಳಿವೆ. ಬಲಭಾಗ ಹರ, ಎಡಭಾಗ ಹರಿ ಆಗಿರುವ ಮೂರ್ತಿಯಲ್ಲಿ ಯಾವ ಕೈಯಲ್ಲಿ ಏನಿದೆ ಎಂದು ಹುಡುಕುವ ಕೆಲಸವನ್ನು ಮೊಮ್ಮಕ್ಕಳಿಗೆ ಅಜ್ಜಿಯೇ ಒಪ್ಪಿಸಲಿ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವುದುಂಟು, ಆದ್ದರಿಂದ ಹನ್ನೆರಡರೊಳಗೆ ತಲುಪುವಂತೆ ನೋಡಿಕೊಳ್ಳಿ.

ಮಳೆ ಚೆನ್ನಾಗಿ ಆದ ವರ್ಷ ಹಿರಿಯೂರಿನಿಂದ ಸುಮಾರು 20 ಕಿಲೋಮೀಟರ್ ಒಳಗಿರುವ ವಾಣಿವಿಲಾಸ ಸಾಗರಕ್ಕೆ ಹೋಗಿ. ಎರಡು ಬೆಟ್ಟಗಳ ನಡುವೆ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ ಕಟ್ಟಿಸಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ಸೀಮೆಯ ಮುದುಕರಲ್ಲೂ ಅನೇಕರು ಕೋಡಿ ಹರಿದದ್ದನ್ನು ಕೇಳಿದ್ದರೇ ಹೊರತು ಕಂಡಿರಲಿಲ್ಲ. ಬಂಡಿ ಕಟ್ಟಿಕೊಂಡು ನೋಡಲು ಹೋದ ಕಥೆಗಳನ್ನು ಈಗಲೂ ಅಲ್ಲಿನ ಚಹಾದಂಗಡಿಗಳಲ್ಲಿ ಕೇಳಬಹುದು.

ಶಿರಾದ ಬಳಿಯ ಕಗ್ಗಲಡು ಗ್ರಾಮವನ್ನು ಅನೇಕರು ಶಿಫಾರಸು ಮಾಡುತ್ತಾರೆ. ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ, ಊರಿನವರೇ ಅವುಗಳನ್ನು ಕಾಪಾಡಿಕೊಂಡು ಬಂದಿರುವ ಅಪರೂಪದ ಊರು ಅದು. ಆದರೆ ಹಕ್ಕಿಗಳು ಬರುವುದು ಬೇಸಿಗೆಯ ಆರಂಭಕ್ಕೆ. ದೀಪಾವಳಿಗೆ ಹೋದರೆ ಬರಿಯ ಹುಣಸೆಮರ ನೋಡಿ ಬರಬೇಕಾಗುತ್ತದೆ. ಯುಗಾದಿಗೆ ಊರಿಗೆ ಹೋಗುವ ಪ್ರಸಂಗ ಬಂದಾಗ ಆ ಕಡೆ ತಿರುಗಿ.

ಹಾವೇರಿ ದಾಟಿದ ಮೇಲೆ ಮಕ್ಕಳ ತಾಳ್ಮೆ ಮುಗಿದಿರುತ್ತದೆ. ಶಿಗ್ಗಾವಿಯ ಬಳಿ ಹೆದ್ದಾರಿಯ ಪಕ್ಕದಲ್ಲೇ ಇರುವ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್ ಅಂಥ ಹೊತ್ತಿಗೆ ಒದಗುತ್ತದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ ಇಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಶಿಲ್ಪಗಳಲ್ಲಿದೆ: ಕುಂಬಾರ, ಬಡಿಗೇರ, ಹಿಟ್ಟು ಬೀಸುವವರು, ದನ ಕಟ್ಟಿದ ಅಂಗಳ. ನಿಮ್ಮ ಅತ್ತೆಯವರು ಇಲ್ಲಿ ಮಾರ್ಗದರ್ಶಿಯಾಗುವುದು ಖಚಿತ. ಅಲ್ಲಿಗೆ ಸಮೀಪದ ಬಾಡ ಕನಕದಾಸರ ಜನ್ಮಸ್ಥಳ. ಬಂಕಾಪುರದ ಹಳೆಯ ಕೋಟೆಯೊಳಗೆ ನವಿಲುಗಳ ಧಾಮವೂ ನಗರೇಶ್ವರ ದೇವಾಲಯವೂ ಇವೆ. ಇವುಗಳಲ್ಲಿ ಯಾವುದಾದರೂ ಒಂದು ಸಾಕು.

ಪ್ರಶ್ನೆ: ಜುಲೈ ತಿಂಗಳಲ್ಲಿ ಮೈದುನನ ಮಗುವಿನ ನಾಮಕರಣಕ್ಕೆ ಬೆಂಗಳೂರಿನಿಂದ ಮಂಗಳೂರಿಗೆ ಕಾರಿನಲ್ಲಿ ಹೋಗಬೇಕಾಗಿದೆ. ಮಗಳಿಗೆ ಎಂಟು ವರ್ಷ. ಘಟ್ಟದ ದಾರಿಯಲ್ಲಿ ಪ್ರತಿ ಸಲವೂ ವಾಂತಿ ಮಾಡಿಕೊಳ್ಳುತ್ತಾಳೆ. ಯಾವ ಘಟ್ಟದಲ್ಲಿ ಇಳಿಯುವುದು ಒಳ್ಳೆಯದು? ಎಲ್ಲೆಲ್ಲಿ ನಿಲ್ಲಬಹುದು?
– ಓದುಗರು, ಯಲಹಂಕ

ಉತ್ತರ: ಮಳೆಗಾಲದಲ್ಲಿ ಘಟ್ಟವನ್ನು ಆರಿಸುವುದು ನಮ್ಮ ಕೈಯಲ್ಲಿಲ್ಲ. ಸಕಲೇಶಪುರದಿಂದ ಇಳಿಯುವ ಶಿರಾಡಿ ಘಟ್ಟ ಹತ್ತಿರದ ದಾರಿ. ಆದರೆ ದೋಣಿಗಲ್ ಸುತ್ತಮುತ್ತ ಗುಡ್ಡ ಕುಸಿದು ಸಂಚಾರ ನಿಂತ ಮಳೆಗಾಲಗಳು ಇತ್ತೀಚೆಗೆ ಒಂದೆರಡಲ್ಲ. ಚಾರ್ಮಾಡಿಯ ತಿರುವುಗಳು ಇನ್ನೂ ಕಡಿದು, ಮಗಳ ಹೊಟ್ಟೆಗೆ ಅದು ಒಗ್ಗುವುದಿಲ್ಲ; ಮಳೆ ಜೋರಾದಾಗ ಅಲ್ಲಿ ರಾತ್ರಿಯ ಸಂಚಾರವನ್ನು ನಿರ್ಬಂಧಿಸುವುದೂ ಉಂಟು. ಮೈಸೂರು, ಮಡಿಕೇರಿ, ಸಂಪಾಜೆಯ ದಾರಿ ಸುತ್ತು. ಹೊರಡುವ ಹಿಂದಿನ ಸಂಜೆ ಮತ್ತು ಹಾಸನದಲ್ಲಿ ಮತ್ತೊಮ್ಮೆ, ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡಿಕೊಳ್ಳಿ. ಘಟ್ಟವನ್ನು ಹಗಲಿನಲ್ಲೇ, ಸಾಧ್ಯವಾದರೆ ಮಧ್ಯಾಹ್ನ ಎರಡರೊಳಗೆ, ಇಳಿದುಬಿಡಿ. ಇಳಿಯುವಾಗ ತೊರೆಯೊಂದು ಚೆನ್ನಾಗಿ ಕಂಡಿತೆಂದು ಗುಡ್ಡದ ಬುಡದಲ್ಲಿ ವಾಹನ ನಿಲ್ಲಿಸಿ ಫೋಟೊ ತೆಗೆಯುವವರ ಸಾಲಿಗೆ ಸೇರಬೇಡಿ.

ವಾಂತಿಯ ವಿಷಯ. ಕಣ್ಣು ಕಾರಿನೊಳಗಿನ ಅಲುಗಾಡದ ಪುಸ್ತಕವನ್ನೋ ಮೊಬೈಲನ್ನೋ ನೋಡುತ್ತಿದ್ದರೆ, ಒಳಕಿವಿಯಲ್ಲಿರುವ ಸಮತೋಲನದ ಅಂಗ ಮಾತ್ರ ತಿರುವು ಏರಿಳಿತಗಳನ್ನೆಲ್ಲ ಗ್ರಹಿಸುತ್ತಿರುತ್ತದೆ. ಮಿದುಳಿಗೆ ತಲುಪುವ ಈ ಎರಡು ವರದಿಗಳು ಹೊಂದದಿರುವುದರಿಂದ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ದೊಡ್ಡವರಾದಂತೆ ಬಹುಪಾಲು ಮಕ್ಕಳಲ್ಲಿ ಕಡಿಮೆಯಾಗುತ್ತದೆ. ಸಕಲೇಶಪುರ ದಾಟಿದ ಮೇಲೆ ಮೊಬೈಲ್ ಬೇಡ. ಮುಂದಿನ ಗಾಜಿನಿಂದ ದೂರದ ದಾರಿ ಕಾಣುವಂತೆ ಹಿಂದಿನ ಸೀಟಿನ ನಡುವೆ, ಅಲ್ಲಿ ಸರಿಯಾದ ಬೆಲ್ಟ್ ಇದ್ದರೆ, ಕೂರಿಸಿ. ಕಿಟಕಿಯನ್ನು ಸ್ವಲ್ಪ ಇಳಿಸಿ. ಹಸಿದ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಮಾತ್ರೆ ಕೊಡುವುದಾದರೆ ಮಕ್ಕಳ ವೈದ್ಯರನ್ನು ಕೇಳಿ, ಘಟ್ಟ ಆರಂಭವಾಗುವ ಮೊದಲೇ ಅವರು ಹೇಳಿದ ಹೊತ್ತಿಗೆ ಕೊಡಬೇಕು. ವಾಂತಿ ಆರಂಭವಾದ ಮೇಲೆ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿಂಬೆಹಣ್ಣು ಮೂಸುವುದರಿಂದ ಕೆಲವರಿಗೆ ಹಿತವೆನಿಸುತ್ತದೆ, ತೊಂದರೆಯೇನೂ ಇಲ್ಲ.

ನಿಲುಗಡೆಗಳಲ್ಲಿ ಮಳೆಗಾಲಕ್ಕೆಂದೇ ಇರುವುದು ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಇಲ್ಲಿನ ಇಗರ್ಜಿ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸೇರಿತು. ಮಳೆ ತುಂಬಿದಾಗ ಅರ್ಧ ಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನೀರು ಇಳಿದು ಬುಡದವರೆಗೆ ಕಾಣುತ್ತದೆ. ದಡದಲ್ಲಿ ನಿಂತೇ ನೋಡಿ. ಗೋಡೆಗಳು ಬಹಳ ಶಿಥಿಲವಾಗಿವೆ, ಅವುಗಳ ಹತ್ತಿರ ಮಕ್ಕಳನ್ನು ಬಿಡುವಂತಿಲ್ಲ. ಸಕಲೇಶಪುರದ ಆಚೆ ಹೆದ್ದಾರಿಗೆ ಹೊಂದಿಕೊಂಡೇ ಇರುವ, 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದಂಥ ಮಂಜರಾಬಾದ್ ಕೋಟೆಗೆ ಜುಲೈ ತಿಂಗಳು ಹೇಳಿಸಿದ್ದಲ್ಲ. ಮೆಟ್ಟಿಲುಗಳು ಪಾಚಿಗಟ್ಟಿರುತ್ತವೆ, ಮೇಲೆ ಹತ್ತಿದರೂ ಮಂಜಿನಲ್ಲಿ ಏನೂ ಕಾಣದಿರಬಹುದು. ಶ್ರವಣಬೆಳಗೊಳಕ್ಕೆ ಚನ್ನರಾಯಪಟ್ಟಣದಿಂದ ತಿರುಗಬೇಕೆಂಬ ಆಸೆ ಬರುತ್ತದೆ, ಆದರೆ ಬರಿಗಾಲಿನಲ್ಲಿ ಅರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿದ ಮಗು ಅದೇ ದಿನ ಘಟ್ಟವನ್ನೂ ತಾಳಿಕೊಳ್ಳಲಿ ಎನ್ನುವುದು ಅತಿಯಾಯಿತು.

ಘಟ್ಟ ಇಳಿದ ಮೇಲೆ ಉಪ್ಪಿನಂಗಡಿಯಲ್ಲಿ ಅರ್ಧ ಗಂಟೆ ಇಟ್ಟುಕೊಳ್ಳಿ. ಸಹಸ್ರಲಿಂಗೇಶ್ವರ ದೇವಾಲಯದ ಬಳಿ ನೇತ್ರಾವತಿ ಕುಮಾರಧಾರಾ ನದಿಗಳು ಕೂಡುತ್ತವೆ. ಎರಡೂ ಉಕ್ಕಿ ದೇವಾಲಯದ ಎದುರಿನಲ್ಲೇ ಕೂಡುವುದನ್ನು ಆ ಊರಿನವರು ‘ಸಂಗಮ’ವಾಯಿತೇ ಎಂದು ಪ್ರತಿ ಮಳೆಗಾಲದಲ್ಲಿ ಕಾಯುತ್ತಾರೆ, ಆದ ದಿನ ಪೂಜೆ ನಡೆಯುತ್ತದೆ. ಅಂಥ ದಿನ ನೀವು ಅಲ್ಲಿ ಹಾದುಹೋದರೆ ನಾಮಕರಣಕ್ಕೆ ಒಂದು ಗಂಟೆ ತಡವಾದರೂ ಯಾರೂ ಬೇಸರಿಸಲಾರರು.

ಪ್ರಶ್ನೆ: ದಾರಿಗೆ ಮನೆಯಿಂದಲೇ ಬುತ್ತಿ ಕಟ್ಟಬೇಕೆನ್ನುವುದು ನನ್ನ ವಾದ, ಹೋಟೆಲಿನಲ್ಲಿ ತಿನ್ನದಿದ್ದರೆ ಅದೆಂಥ ಪ್ರವಾಸ ಎನ್ನುವುದು ಮಕ್ಕಳ ವಾದ. ತೀರ್ಪು ಕೊಡಿ.
– ಗೃಹಿಣಿ, ತುಮಕೂರು

ಉತ್ತರ: ಮಧ್ಯಾಹ್ನಕ್ಕೆ ನಿಮ್ಮ ಬುತ್ತಿ, ಬೆಳಿಗ್ಗೆಗೆ ಮಕ್ಕಳ ಹೋಟೆಲು. ದಾವಣಗೆರೆಯ ಬೆಣ್ಣೆ ದೋಸೆಯನ್ನು ಕಾವಲಿಯಿಂದ ಇಳಿದ ಕ್ಷಣದಲ್ಲೇ ತಿನ್ನಬೇಕು, ಕಟ್ಟಿಸಿಕೊಂಡು ಹೋದರೆ ಅದು ಬೇರೆಯದೇ ತಿಂಡಿಯಾಗುತ್ತದೆ. ಸಂಜೆ ಆ ಊರು ಹಾಯುವವರು ಮಂಡಕ್ಕಿ ಮಿರ್ಚಿಯನ್ನು ಬಿಡಬಾರದು. ಬುತ್ತಿಗೆ ಪುಳಿಯೋಗರೆ ಎಲ್ಲಕ್ಕಿಂತ ನಂಬಿಕಸ್ಥ, ಹುಣಸೆಹುಳಿ ಮತ್ತು ಎಣ್ಣೆಯ ಬಲದಿಂದ ಸಂಜೆಯವರೆಗೂ ಕೆಡುವುದಿಲ್ಲ. ಚಿತ್ರಾನ್ನಕ್ಕೆ ಹಸಿ ತೆಂಗಿನಕಾಯಿ ಬೀಳಿಸಬೇಡಿ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿದರೆ ಮಧ್ಯಾಹ್ನಕ್ಕೆ ಹದವಾಗಿರುತ್ತದೆ. ಉತ್ತರದ ಕಡೆಯವರ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಜೋಡಿ ವಾರಗಟ್ಟಲೆ ಇರುವಂಥದು. ಹಿಂದಿರುಗುವಾಗ ಧಾರವಾಡದ ಪೇಡೆಯ ಜೊತೆ ಅದನ್ನೂ ತನ್ನಿ. ಬಾಳೆ ಎಲೆಯಲ್ಲಿ ಕಟ್ಟಿದರೆ ತೊಳೆಯುವ ಪಾತ್ರೆ ಕಡಿಮೆ. ಉಂಡ ಎಲೆ, ಬಾಟಲಿಗಳನ್ನು ಹೆದ್ದಾರಿಯ ಬದಿಗೆ ಎಸೆಯದೆ ಚೀಲದಲ್ಲಿ ಹಾಕಿಕೊಳ್ಳಿ. ಇನ್ನೊಂದು ಮಾತು, ಹೆಂಗಸರು ಮಾತ್ರ ಬರೆಯುವ ಮಾತು: ಹೋಟೆಲನ್ನು ಆರಿಸುವಾಗ ತಿಂಡಿಯ ಪಟ್ಟಿಗಿಂತ ಮೊದಲು ಶೌಚಾಲಯವನ್ನು ನೋಡಿ. ಅದು ಸ್ವಚ್ಛವಾಗಿಲ್ಲವೆಂದು ದಿನವಿಡೀ ನೀರು ಕುಡಿಯದೆ ಕೂರುವ ಅಜ್ಜಿಯರು ಪ್ರತಿ ಕಾರಿನಲ್ಲೂ ಇದ್ದಾರೆ.

ಪ್ರಶ್ನೆ: ರಾತ್ರಿ ಹನ್ನೊಂದಕ್ಕೆ ಹೊರಟರೆ ಮಕ್ಕಳು ಮಲಗಿರುತ್ತಾರೆ, ರಸ್ತೆಯೂ ಖಾಲಿ. ಇದರಲ್ಲಿ ತಪ್ಪೇನು?
– ಓದುಗರು, ಮೈಸೂರು

ಉತ್ತರ: ಮಕ್ಕಳು ಮಲಗಿರುತ್ತಾರೆ, ನಿಜ. ಇಡೀ ದಿನ ಕಚೇರಿಯ ಕೆಲಸ ಮಾಡಿದ ನೀವೂ ನಸುಕಿನ ಎರಡರಿಂದ ಐದರ ನಡುವೆ ಅರೆಗಣ್ಣಿನಲ್ಲಿರುತ್ತೀರಿ, ಎದುರಿನ ಲಾರಿಯ ಚಾಲಕರೂ ಹಾಗೆಯೇ ಇರುತ್ತಾರೆ. ಬೇಗ ಮಲಗಿ, ನಸುಕಿನಲ್ಲಿ ಹೊರಡಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 1,000 ರೂಪಾಯಿ ದಂಡವಿದೆ. ನಿದ್ದೆಯಲ್ಲಿ ತೊಡೆಯ ಮೇಲೆ ಮಲಗಿದ ಮಗುವಿಗೂ ಇದು ಅನ್ವಯಿಸುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಯಾವುದೇ ತುರ್ತಿಗೆ 112.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಡಿಸೆಂಬರಿನಲ್ಲಿ ಬಂದಾಗ ಅಪ್ಪ ಅಮ್ಮನೊಂದಿಗೆ ಹಂಪಿ, ಬಾದಾಮಿಗಳಿಗೆ ಐದು ದಿನ ಹೋಗಬೇಕೆಂದಿದ್ದೇವೆ. ಒಂಬತ್ತು ಮತ್ತು ಹದಿಮೂರು ವರ್ಷದ ಮಕ್ಕಳು ‘ದೇವಸ್ಥಾನಗಳೆಲ್ಲ ಒಂದೇ ಥರ ಇರುತ್ತವೆ’ ಎಂದು ಈಗಲೇ ಮುಖ ಸಿಂಡರಿಸುತ್ತಿದ್ದಾರೆ.

ಉತ್ತರ: ಹಾಗಿದ್ದರೆ ಒಂದೇ ಥರ ಇಲ್ಲವೆಂಬುದನ್ನು ಅವರೇ ಕಂಡುಹಿಡಿಯಲಿ. ಬಾದಾಮಿಯ ಮೊದಲ ಗುಹೆಯಲ್ಲಿ ನರ್ತಿಸುವ ಶಿವನ ಕೈಗಳನ್ನು ಎಣಿಸಲು ಹೇಳಿ, ಹದಿನೆಂಟು ಇವೆ. ಮೂರನೆಯ ಗುಹೆ ಯಾವಾಗಿನದೆಂದು ಅಲ್ಲಿನ ಶಾಸನವೇ ಹೇಳುತ್ತದೆ, 578ನೆಯ ಇಸವಿ. ಪಟ್ಟದಕಲ್ಲಿನಲ್ಲಿ ಉತ್ತರದ ಮಾದರಿಯ ಶಿಖರವೂ ದಕ್ಷಿಣದ ಮಾದರಿಯ ಶಿಖರವೂ ಒಂದೇ ಅಂಗಳದಲ್ಲಿ ನಿಂತಿವೆ. ಯಾವುದು ಯಾವ ಬಗೆ ಎಂದು ಬೇರ್ಪಡಿಸುವುದು ಹದಿಮೂರರ ಮಗುವಿಗೆ ತಕ್ಕ ಕೆಲಸ. ರಾಣಿ ಲೋಕಮಹಾದೇವಿ ತನ್ನ ಗಂಡ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ಅಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿಸಿದಳೆಂಬುದನ್ನೂ ಹೇಳಿ. ಬಾದಾಮಿಯಲ್ಲಿ ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಡೆಯಬೇಡಿ. ಅಲ್ಲಿನ ಮಂಗಗಳು ಕೇಳಿ ತೆಗೆದುಕೊಳ್ಳುವುದಿಲ್ಲ.

ಎಲ್ಲ ಹೊತ್ತೂ ಕಲ್ಲನ್ನೇ ತೋರಿಸಬೇಡಿ. ಹಂಪಿಯಲ್ಲಿರುವಾಗ ಒಂದು ಸಂಜೆಯನ್ನು ದರೋಜಿಯ ಕರಡಿಧಾಮಕ್ಕೆ ಮೀಸಲಿಡಿ. ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕುಳಿತರೆ ಎದುರಿನ ಗುಡ್ಡದ ಬಂಡೆಗಳ ನಡುವಿನಿಂದ ಕರಡಿಗಳು ಇಳಿದುಬರುವುದು ಕಾಣುತ್ತದೆ. ಹಂಪಿಯಿಂದ ಬಾದಾಮಿಗೆ ಕೊಪ್ಪಳ, ಕುಕನೂರಿನ ಮೇಲೆ ಹೋಗಿ, ಇಟಗಿಯಲ್ಲಿ ಇಳಿಯಿರಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಅಲ್ಲಿನ ಮಹಾದೇವ ದೇವಾಲಯವನ್ನು ಶಾಸನವೊಂದು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಹಂಪಿಯ ಜನಸಂದಣಿಯ ನಂತರ ಅಷ್ಟೊಂದು ದೊಡ್ಡ ಗುಡಿಯಲ್ಲಿ ನೀವಷ್ಟೇ ಇರುವ ಸಾಧ್ಯತೆ ಹೆಚ್ಚು, ಅಪ್ಪ ಅಮ್ಮನಿಗೂ ಹತ್ತುವ ಶ್ರಮವಿಲ್ಲ. ಬಾದಾಮಿಯಿಂದ ಗುಳೇದಗುಡ್ಡಕ್ಕೆ ಹೋದರೆ ಕುಪ್ಪಸದ ಖಣ ನೇಯುವ ಮಗ್ಗಗಳ ಸದ್ದು ಕೇಳಿಸುತ್ತದೆ. ಅಮ್ಮನ ನಿಲುಗಡೆ ಅದು.

ಕಾರನ್ನು ನೀವೇ ಓಡಿಸುವ ಯೋಚನೆ ಬೇಡ. ಬಲಬದಿಯ ಸಂಚಾರಕ್ಕೆ ಒಗ್ಗಿದ ಕೈಗಳಿಗೆ ಇಲ್ಲಿನ ಎಡಬದಿಯನ್ನೂ, ಎದುರಿನಿಂದಲೇ ಬರುವ ಟ್ರ್ಯಾಕ್ಟರನ್ನೂ ಒಂದೇ ದಿನದಲ್ಲಿ ಕಲಿಸಲಾಗುವುದಿಲ್ಲ. ಚಾಲಕರನ್ನು ಗೊತ್ತುಮಾಡಿಕೊಳ್ಳಿ, ಅವರ ಊಟಕ್ಕೂ ರಾತ್ರಿ ಮಲಗುವುದಕ್ಕೂ ಸರಿಯಾದ ಏರ್ಪಾಡು ಇದೆಯೇ ಎಂಬುದನ್ನು ಮೊದಲ ದಿನವೇ ವಿಚಾರಿಸಿ.

ಪ್ರಶ್ನೆ: ಕಾರಿನಲ್ಲಿ ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವ ಉಪಾಯವೇನು?
– ಅಧ್ಯಾಪಕರು, ಬಳ್ಳಾರಿ

ಉತ್ತರ: ಬಿಡಿಸಬೇಕಾದರೆ ಬೇರೆ ಕೆಲಸ ಕೊಡಬೇಕು. ಅಂತ್ಯಾಕ್ಷರಿ ಒಂದು ಗಂಟೆ ನಡೆಯುತ್ತದೆ, ಆಮೇಲೆ ದೊಡ್ಡವರೇ ಸೋಲುತ್ತಾರೆ. ನೋಂದಣಿ ಸಂಖ್ಯೆಯ ಆಟ ಇನ್ನೂ ಬಾಳಿಕೆಯದು. ಬೆಂಗಳೂರಿನಿಂದ ಹುಬ್ಬಳ್ಳಿಯ ದಾರಿಯಲ್ಲಾದರೆ ಕೆಎ 06 ತುಮಕೂರು, 16 ಚಿತ್ರದುರ್ಗ, 17 ದಾವಣಗೆರೆ, 27 ಹಾವೇರಿ, 25 ಧಾರವಾಡ, 63 ಹುಬ್ಬಳ್ಳಿ. ಒಂದು ಹಾಳೆಯಲ್ಲಿ ಈ ಸಂಖ್ಯೆಗಳನ್ನಷ್ಟೇ ಬರೆದುಕೊಡಿ, ಊರಿನ ಹೆಸರು ಬೇಡ; ಯಾವ ಸಂಖ್ಯೆಯ ವಾಹನಗಳು ಎಲ್ಲಿ ಹೆಚ್ಚಾಗುತ್ತವೆ ಎಂಬುದನ್ನು ನೋಡಿ ಅವರೇ ಊರು ತುಂಬಲಿ. ನಿಮ್ಮ 34 ಎಲ್ಲಿಯಾದರೂ ಕಂಡರೆ ಎರಡು ಅಂಕ. ಸಣ್ಣ ಮಕ್ಕಳಿಗೆ ಮೈಲಿಗಲ್ಲಿನ ಬಣ್ಣ ಸಾಕು: ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾಗಿದ್ದರೆ ಹಳ್ಳಿಯ ರಸ್ತೆ. ಹಳದಿ ಹೋಗಿ ಹಸಿರು ಬಂದ ಕೂಡಲೇ ಮೊದಲು ಕೂಗಿದವರು ಮುಂದಿನ ನಿಲುಗಡೆಯಲ್ಲಿ ಏನು ತಿನ್ನಬೇಕೆಂಬುದನ್ನು ನಿರ್ಧರಿಸಲಿ.